ಅಕ್ಕನಿಗೆ ಕೊಡಲಾಗದ ತುಂಡು

ಲಿಫ್ಟು ಎರಡನೇ ಮಹಡಿಯಲ್ಲಿ ನಿಂತಿತು, ಯಾರೂ ಹತ್ತಲಿಲ್ಲ, ಬಾಗಿಲು ಮತ್ತೆ ಮುಚ್ಚಿಕೊಂಡಿತು — ಇನ್ನೆರಡು ಮಹಡಿ, ಅಲ್ಲಿ ಅಕ್ಕ ಸಾಬವ್ವ ಕಾಯುತ್ತಿದ್ದಾಳೆ, ಏನಂತ ಹೇಳುವುದು, ಅವ್ವಣ್ಣ ನಾಲ್ಕರ ಗುಂಡಿಯನ್ನು ಮತ್ತೊಮ್ಮೆ ಒತ್ತಿದ, ಈಗಷ್ಟೇ ಕೆಳಗೆ ಡಾಕ್ಟರು ಮರಾಠಿಯಲ್ಲಿ ಮೆಲ್ಲಗೆ ಹೇಳಿದ್ದರು, ನಿಮ್ಮ ಲಿವರಿನ ತುಂಡು ಅಕ್ಕನಿಗೆ ಹಾಕಲು ಬರುವುದಿಲ್ಲ, ಅದರಲ್ಲೇ ಕೊಬ್ಬು ತುಂಬಿದೆ, ಶುಗರೂ ಇದೆ, ಗೊತ್ತಿರಲಿಲ್ಲವೇ — ಗೊತ್ತಿರಲಿಲ್ಲ, ಪುಣೆಯ ಕೋಥರೂಡದ ಆಫೀಸಿನಲ್ಲಿ ಹದಿನೆಂಟು ವರ್ಷ ಕುರ್ಚಿ ಬಿಟ್ಟೇಳದವನಿಗೆ ಏನು ಗೊತ್ತಿರುತ್ತದೆ, ಊಟವಾದ ಮೇಲೆ ಕಣ್ಣು ಎಳೆಯುತ್ತಿತ್ತು, ದಣಿವು ಅಂದುಕೊಂಡಿದ್ದ — ಹಾಕಲು ಬರುವುದಿಲ್ಲ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಎದೆ ಹಗುರಾಯಿತಲ್ಲ, ಅದೇ ಈಗ ಚುಚ್ಚುತ್ತಿದೆ, ಹೊಟ್ಟೆ ಕೊಯ್ಯಿಸಿಕೊಳ್ಳುವುದು ತಪ್ಪಿತು ಅಂತ ಹಗುರಾಯಿತು, ಥೂ, ಅವ್ವ ಸತ್ತ ವರ್ಷ ತಮ್ಮನ ಶಾಲೆಯ ಚೀಲವನ್ನೂ ತಾನೇ ಹೊತ್ತು, ಊರಿನಿಂದ ಕರೆತಂದು, ಕಾತ್ರಜದಲ್ಲಿ ಅವನ ಕೈಹಿಡಿದು ಬಸ್ಸಿಳಿಸಿದವಳು ಈ ಅಕ್ಕ, ಒಂದು ಹನಿ ಸೆರೆ ಮುಟ್ಟದವಳು, ಆದರೂ ವಾರ್ಡಿನಲ್ಲಿ ಕುಡಿಯುತ್ತಿದ್ದಳಾ ಅಂತ ಕೇಳುತ್ತಾರೆ, ಅವಳಿಗೆ ಮೊದಲು ಶುಗರ್ ಬಂತು, ಆಮೇಲೆ ಬಿಪಿ, ಆಮೇಲೆ ಸ್ಕ್ಯಾನಿನಲ್ಲಿ ಕೊಬ್ಬು ಕಂಡಿತು, ಲಿವರಿನ ಕೊಬ್ಬಿನಿಂದ ಏನಾಗ್ತದ ಬಿಡೋ, ಎಲ್ಲಾರಿಗೂ ಇರ್ತದ, ಅಂದಿದ್ದಳು, ಆರು ವರ್ಷದಲ್ಲಿ ಲಿವರೇ ಕಲ್ಲಾಯಿತು, ಲಿವರು ಕೊಡುವವರು ಬೇರೆ ಯಾರೂ ಸಿಗದಿದ್ದರೆ ಎಷ್ಟು ದಿನ ಅಂತ ಕೇಳಿದ್ದಕ್ಕೆ ಡಾಕ್ಟರು ಕಾಯುವವರ ಪಟ್ಟಿಯ ಫಾರಂ ಮುಂದಿಟ್ಟರು, ಅಕ್ಕನಿಗೆ ಐವತ್ನಾಲ್ಕು, ತನಗೆ ನಲವತ್ತಾರು, ಇನ್ನೆಂಟು ವರ್ಷಕ್ಕೆ ತಾನೂ ಇದೇ ಹಾಸಿಗೆಗೆ — ಲಿಫ್ಟು ನಿಂತಿತು, ವಾರ್ಡಿನ ಕಡೆ ನಡೆದ.

ದಿಂಬಿಗೊರಗಿ ಕೂತಿದ್ದಾಳೆ ಅಕ್ಕ, ನೀರು ತುಂಬಿದ ಹೊಟ್ಟೆ ಉಬ್ಬಿ ಸೀರೆ ನಿಲ್ಲುತ್ತಿಲ್ಲ, ಏನಂದ್ರೋ ತಮ್ಮಾ, ರಿಪೋರ್ಟು ಬಂದಿಲ್ಲ ಅನ್ನಬೇಕೆಂದಿದ್ದ, ಬಾಯಿಂದ ಬೇರೆಯೇ ಬಂತು, ಆಗೂದಿಲ್ಲಂತ ಅಕ್ಕಾ, ನನ್ನ ಲಿವರಿಗೂ ಕೊಬ್ಬು ಬಂದದ, ಶುಗರೂ ಅದ ಅಂತ — ಅಳುತ್ತಾಳೆ ಅಂದುಕೊಂಡ, ಅಳಲಿಲ್ಲ, ತನ್ನ ಸುದ್ದಿಯನ್ನೇ ಎತ್ತಲಿಲ್ಲ, ನಿನಗೂ ಏನೋ, ಹತ್ರ ಬಾ, ಎಲ್ಲ್ಯರ ಬ್ಯಾನಿ, ನೋವು ಅದ ಏನು, ಇಲ್ಲ ಅಕ್ಕಾ, ಏನೂ ಬ್ಯಾನಿ ಇಲ್ಲ, ನನಗೂ ಇದ್ದಿಲ್ಲೋ, ಅಂದಳು ಅವಳು, ಕೈ ಚಾಚಿ ಅವನ ಬಲಪಕ್ಕೆಯ ಕೆಳಗೆ ಒತ್ತಿದಳು, ಅಲ್ಲಿ ನೋವಿಲ್ಲ, ಏನೂ ಇಲ್ಲ, ಅದೇ ಭಯ, ಏನೂ ಇಲ್ಲ, ಬಿಳಿ ಅಂಗಿಯ ಮೇಲೆ ಅವಳ ಬೆರಳು, ಹಳದಿ, ಉಗುರಿನ ಬುಡದವರೆಗೂ ಹಳದಿ, ಒತ್ತುತ್ತಲೇ ಇವೆ, ಹಳದಿ ಬೆರಳು, ಅವನ ಬಿಳಿ ಅಂಗಿಯ ಮೇಲೆ, ಹಳದಿ ಬೆರಳು