ತೊಟ್ಟಿಲಿಗೆ ಬಾಗದ ಸೋದರತ್ತೆ

ಸಿಡ್ನಿಯಲ್ಲಿ ಬೆಳಗಿನ ವಿಮಾನ ಹತ್ತುವಾಗಲೇ ಮಹಾಶ್ವೇತಾಳ ಕೆಳತುಟಿಯ ಅಂಚು ಚುರುಚುರು ಎನ್ನತೊಡಗಿತ್ತು. ಮೆಲ್ಬರ್ನಿಗೆ ಬಂದಿಳಿದು ಕ್ರೇಗಿಬರ್ನ್‌ನ ತಮ್ಮನ ಮನೆ ಮುಟ್ಟುವಷ್ಟರಲ್ಲಿ ಅಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತ್ತು. ಬೇರೆಯವರಾಗಿದ್ದರೆ ತುಪ್ಪ ಸವರಿ ಸುಮ್ಮನಾಗುತ್ತಿದ್ದರು. ಇವಳ ಹಣೆಬರಹ ನೋಡಿ, ಹೊಟ್ಟೆಪಾಡೇ ವೈರಸ್ಸು. ಮ್ಯಾಕ್ವೆರಿ ಪಾರ್ಕ್‌ನ ಔಷಧ ಕಂಪನಿಯ ಲ್ಯಾಬಿನಲ್ಲಿ ಇದೇ ಗುಳ್ಳೆಯ ಹರ್ಪಿಸ್ ವೈರಸ್ಸನ್ನು ದಿನಾ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಕೂರುವವಳು.

ಅದಕ್ಕೆ ಸ್ವಂತದ್ದೊಂದು ಒಲೆಯೂ ಇಲ್ಲ. ಜೀವಕೋಶದೊಳಗೆ ನುಗ್ಗಿ, ಅಲ್ಲಿನ ಅಡುಗೆಮನೆ ಹಿಡಿದು, ತನ್ನಂಥವನ್ನೇ ಸಾವಿರಗಟ್ಟಲೆ ಮಾಡಿಸಿಕೊಳ್ಳುತ್ತದೆ. ಕೊನೆಗೆ ಕೋಶ ಒಡೆದು ಸಾಯುತ್ತದೆ, ಹೊರಬಿದ್ದ ದಂಡು ಪಕ್ಕದ ಕೋಶಕ್ಕೆ ನುಗ್ಗುತ್ತದೆ. ದೊಡ್ಡವರ ಮೈ ಅದನ್ನು ತುಟಿಯಲ್ಲೇ ತಡೆದು, ನರದೊಳಗೆ ಮಲಗಿಸಿಬಿಡುತ್ತದೆ. ಹಸುಗೂಸಿಗೆ ಆ ಶಕ್ತಿ ಎಲ್ಲಿಯದು? ಅಲ್ಲಿ ಅದು ಮಿದುಳಿನ ತನಕವೂ ನಡೆದುಹೋಗಬಲ್ಲದು.

ಅಂದು ತಮ್ಮನ ಎರಡು ವಾರದ ಹೆಣ್ಣುಕೂಸಿಗೆ ಹೆಸರಿಡುವ ದಿನ. ಸೋದರತ್ತೆ ತೊಟ್ಟಿಲಿಗೆ ಬಾಗಿ, ಕಿವಿಗೆ ತುಟಿ ಹಚ್ಚಿ, ‘ಕುರ್ರ್’ ಎಂದು ಹೆಸರು ಉಸುರಬೇಕು. ಅವಳ ಬೆನ್ನಿಗೆ ಹೆಂಗಸರೆಲ್ಲ ಗುದ್ದಬೇಕು. ಅವಳು ಹೇಳುವ ತನಕ ಹೆಸರು ಗುಟ್ಟು. ಬಂದವರು ಆಗಲೇ ಮುಷ್ಟಿ ಬಿಗಿದು ನಗುತ್ತ ನಿಂತಿದ್ದರು. ಮಹಾಶ್ವೇತಾ ಮಾಸ್ಕ್ ಹಾಕಿಕೊಂಡು ಬಾಗಿಲಲ್ಲೇ ನಿಂತಳು.

“ನಾ ಹತ್ರ ಬರಂಗಿಲ್ಲ. ತುಟಿಗೆ ಗುಳ್ಳಿ ಎದ್ದೈತಿ. ಕೂಸಿಗೆ ಹತ್ತಿದ್ರ ಜೀವಕ್ಕ ಅಪಾಯ.”

ನಗು ನಿಂತಿತು. ತಮ್ಮನ ಹೆಂಡತಿ, ಬೆಂಗಳೂರಿನ ನಿಹಾರಿಕಾಳ ಮುಖ ಸಣ್ಣದಾಯಿತು. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಮಹಾಶ್ವೇತಾಳ ತಾಯಿ ಚನ್ನಬಸವ್ವನಿಗೆ ಸಿಟ್ಟು ನೆತ್ತಿಗೇರಿತು.

“ಊರಿಗೊಂದು ದಾರಿ ಆದ್ರ ಈಕಿಗೊಂದು ದಾರಿ. ಆ ಗುಳ್ಳಿ ನಿನಗ ನನ್ನಿಂದನ ಬಂದದ್ದು, ಸಣ್ಣಾಕಿದ್ದಾಗ. ಏನಾತು ನಿನಗ? ಹೋದ ವಾರ ನಾ ಬಂದಾಗೂ ವಿಮಾನದ ದಣಿವಿಗೆ ಎದ್ದಿತ್ತು, ಒಣಗೇತಿ. ಹಂಗಂತ ಮೊಮ್ಮಗಳಿಗೆ ಮುದ್ದು ಕೊಡೂದು ಬಿಟ್ಟೀನೇನು?”

ಮಹಾಶ್ವೇತಾಳ ಕಣ್ಣು ತಾಯಿಯ ತುಟಿಯ ಮೂಲೆಗೆ ಹೋಯಿತು. ಅಲ್ಲಿ ಕಂದುಬಣ್ಣದ ಹಕ್ಕಳೆ ಇತ್ತು. ಅವಳು ದಾರಿಯುದ್ದಕ್ಕೂ ತನ್ನ ತುಟಿಗೆ ಹೆದರುತ್ತ ಬಂದಿದ್ದಳು, ಮಾರಿ ಒಂದು ವಾರ ಮೊದಲೇ ಮನೆ ಹೊಕ್ಕಿತ್ತು.

“ಕೂಸು ಹಾಲು ಕುಡೀತಾ?”

“ಬೆಳಿಗ್ಗೆಯಿಂದ ಕುಡಿದಿಲ್ಲ ಅಕ್ಕಾ. ಎಬ್ಬಿಸಿದ್ರೂ ಏಳ್ತಿಲ್ಲ, ನಿದ್ದೆ ಮಾಡ್ತಾನೇ ಇದಾಳೆ,” ಎಂದಳು ನಿಹಾರಿಕಾ.

“ಬಂಗಾರದಂಥ ಕೂಸು. ಇಷ್ಟು ಮಂದಿ ಬಂದ್ರೂ ಒಂದು ಚೂರು ಅತ್ತಿಲ್ಲ,” ಎಂದಳು ಚನ್ನಬಸವ್ವ.

“ಶಿವು, ಕಾರ್ ತೆಗಿ,” ಎಂದು ಮಹಾಶ್ವೇತಾ ತಮ್ಮ ಶಿವಪ್ರಕಾಶನಿಗೆ ಹೇಳಿದಳು. “ಎಮರ್ಜೆನ್ಸಿಗೆ ಹೋಗೂಣು. ಈಗಿಂದೀಗ.”

ಶಿವಪ್ರಕಾಶ ಕೀಲಿ ಹಿಡಿದು ಹೊರಗೋಡಿದ. ಕಾರು ಹೊರಡುವಾಗ ಚನ್ನಬಸವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಿದ್ದಳು, ಒರೆಸಿಕೊಳ್ಳುತ್ತಲೇ ಇದ್ದಳು.

ಮುಂದಿನ ಸೀಟಿನಿಂದ ಮಹಾಶ್ವೇತಾ ಆಸ್ಪತ್ರೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಔಷಧ ಇದೆ, ಬೇಗ ಕೊಟ್ಟರೆ ಕೆಲಸ ಮಾಡುತ್ತದೆ. ಆದರೆ ಲ್ಯಾಬಿನ ಗಾಜಿನಲ್ಲಿ ಒಂದರ ಪಕ್ಕ ಒಂದು ಒಡೆಯುತ್ತಿದ್ದ ಕೋಶಗಳೇ ಅವಳ ಕಣ್ಣ ಮುಂದಿದ್ದವು. ಸಿಗ್ನಲ್ಲಿನ ಕೆಂಪು ದೀಪ ಕಂಡರೂ ಅಳು ಬರುವಂತಾಗಿತ್ತು.

ಹಿಂದೆ ನಿಹಾರಿಕಾ ಕೂಸಿನ ಅಂಗಾಲು ಉಜ್ಜುತ್ತಿದ್ದಳು. “ಅಕ್ಕಾ, ಏಳ್ತಿಲ್ಲ. ಅಲ್ಲಿಂದಾನೇ ಹೆಸರು ಹಿಡಿದು ಕರೀರಿ.”

ಮಹಾಶ್ವೇತಾ ಮಾಸ್ಕ್ ಬಿಗಿಮಾಡಿಕೊಂಡು ತಿರುಗಿದಳು. “ಕುರ್ರ್… ಸಂಯುಕ್ತಾ.”

ಬೆನ್ನಿಗೆ ಯಾರೂ ಗುದ್ದಲಿಲ್ಲ. ಕೂಸು ಕಣ್ಣು ತೆರೆಯಲಿಲ್ಲ.

“ಇನ್ನೊಂದ್ಸಲ ಕರೀರಿ,” ಎಂದಳು ನಿಹಾರಿಕಾ.