ಕ್ರುತೊಲೋಗ್‌ನಲ್ಲಿ ಇಳಿದವರು

ಟಣ್ — ಈ ಚಕ್ರ ಗಟ್ಟಿ, ಟಣ್, ಇದೂ ಗಟ್ಟಿ, ಬಿರುಕಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದೆ, ಉದ್ದ ಹಿಡಿಯ ಈ ಸುತ್ತಿಗೆಯಿಂದ ಹನ್ನೊಂದು ವರ್ಷ ರೈಲಿನ ಚಕ್ರ ತಟ್ಟಿದ್ದೇನೆ, ಸುಳ್ಳು ಹೇಳಿದ್ದು ನಿನ್ನೆ ಒಂದೇ ಸಲ — ನಿಲ್ದಾಣದ ಗಡಿಯಾರದಲ್ಲಿ ಮಧ್ಯಾಹ್ನ ಒಂದು, ಹೊರಗೆ ಬೀದಿಯಲ್ಲಿ ಸಂಜೆ ಐದು, ರೈಲಿಗೆ ಮಾಸ್ಕೋದ ಹೊತ್ತು, ನಮಗೆ ಸೈಬೀರಿಯಾದ ಸೂರ್ಯ, ಈ ಹಳಿಯುದ್ದಕ್ಕೂ ಎಲ್ಲ ಊರಿಗೂ ಹೀಗೆಯೇ, ಆದರೆ ಅವೆಲ್ಲ ಹೇಗೆ ಹುಟ್ಟಿದವೋ, ನಮ್ಮ ಕ್ರುತೊಲೋಗ್ ಹುಟ್ಟಿದ್ದು ಎಂಜಿನ್ನಿಗೆ ಬಾಯಾರಿದ್ದರಿಂದ, ತ್ಸಾರ್ ಕಾಲದ ಎಂಜಿನ್ನು ಇಲ್ಲಿಗೆ ಬರುವಷ್ಟರಲ್ಲಿ ನೀರು ಮುಗಿಯುತ್ತಿತ್ತಂತೆ, ಮೊದಲು ನೀರಿನ ಗೋಪುರ, ಆಮೇಲೆ ಗೋಪುರ ಕಾಯುವವನ ಮನೆ, ಅವನಿಗೊಬ್ಬ ಹೆಂಡತಿ, ಸ್ನಾನದ ಮನೆ, ಡಿಪೋ, ಶಾಲೆ, ಸ್ಮಶಾನ — ಎಂಜಿನ್ನಿಗೆ ಇನ್ನಷ್ಟು ನೀರು ಹಿಡಿಸಿದ್ದರೆ ಊರು ಇನ್ನೂ ಮುಂದೆಲ್ಲೋ ಇರುತ್ತಿತ್ತು, ಆಗ ಯುದ್ಧ ಶುರುವಾದ ವರ್ಷ ಮಕ್ಕಳನ್ನು ತುಂಬಿಕೊಂಡು ಪಶ್ಚಿಮದಿಂದ ಬಂದ ಗಾಡಿ ಎಲ್ಲಿ ನಿಲ್ಲುತ್ತಿತ್ತು, ಜ್ವರ ಬಂದವರನ್ನು ಎಲ್ಲಿ ಇಳಿಸುತ್ತಿದ್ದರು, ಅಮ್ಮ ಯಾವ ಊರಿನವಳಾಗುತ್ತಿದ್ದಳು. ಹದಿನಾಲ್ಕು ಮಕ್ಕಳು ಇಳಿದರು, ಯಾರ ಮಕ್ಕಳೆಂದು ತಿಳಿಯದ ಎಲ್ಲರಿಗೂ ಒಂದೇ ಮನೆತನದ ಹೆಸರು, ವೊಕ್ಸಾಲ್ನಿ, ಅಂದರೆ ನಿಲ್ದಾಣದವರು, ಈಗಲೂ ಶಾಲೆಯಲ್ಲಿ ಆ ಹೆಸರು ಕರೆದರೆ ತರಗತಿಗೆ ಮೂವರು ಎದ್ದು ನಿಲ್ಲುತ್ತಾರೆ, ಮೂವರಿಗೂ ಸಂಬಂಧವಿಲ್ಲ.

ನಿನ್ನೆ ಒಂಬತ್ತನೇ ಬೋಗಿಯ ಬಾಗಿಲಲ್ಲಿ ಆ ಮನುಷ್ಯ, ಐವತ್ತು ದಾಟಿದವನು, ಮಗಳೇ, ಯುದ್ಧದಲ್ಲಿ ಮಕ್ಕಳನ್ನ ಇಳಿಸಿದ ಸ್ಟೇಷನ್ ಇದೇನಾ, ನನ್ನ ತಂಗೀನ ಎಲ್ಲೋ ಇಳಿಸಿದ್ರು, ಮೂರು ವರ್ಷ ಅವಳಿಗೆ, ನೀರಿನ ಗೋಪುರ ಇತ್ತು, ಅಷ್ಟೇ ನೆನಪು — ಗೋಪುರ ಎಲ್ಲಾ ಕಡೆ ಇರುತ್ತೆ ಮಾಮ, ಎಂದೆ, ಅದಕ್ಕೇ ಎಲ್ಲಾ ಕಡೆ ಕೇಳ್ತಿದ್ದೀನಮ್ಮ, ಎಂದ. ಅಮ್ಮನಿಗೂ ಆಗ ಮೂರು. ಗಾಡಿ ನಿಲ್ಲುವುದು ಹದಿನೈದೇ ನಿಮಿಷ, ಅಮ್ಮ ಕಾಲುನೋವೆಂದು ಮನೆಯಲ್ಲಿದ್ದಾಳೆ, ಹೋಗಿಬರಲು ಅರ್ಧ ಗಂಟೆ ಬೇಕು, ನನ್ನನ್ನು ಕೇಳದೆಯೇ ನನ್ನ ಬಾಯಿ ಮೇಸ್ತ್ರಿ ಸವೇಲಿಯವರಿಗೆ ಕೂಗಿ ಹೇಳಿತು, ಒಂಬತ್ತರಲ್ಲಿ ಸದ್ದು ಸರಿಯಿಲ್ಲ, ಮತ್ತೆ ನೋಡ್ಬೇಕು. ಅವರು ಬಂದು ತಾವೇ ತಟ್ಟಿದರು, ಟಣ್ ಎಂದಿತು, ನನ್ನ ಮುಖ ನೋಡಿದರು, ಬಾಗಿಲಲ್ಲಿದ್ದವನನ್ನು ನೋಡಿದರು, ಅವರೂ ವೊಕ್ಸಾಲ್ನಿಯೇ, ನಂಗೂ ಯಾಕೋ ಅನುಮಾನ, ಕಾಪಾ, ಎಂದರು ನನ್ನ ಹೆಸರು ಹಿಡಿದು, ನಲವತ್ತು ನಿಮಿಷ ಆಗುತ್ತೆ, ಅವನನ್ನ ಕರ್ಕೊಂಡು ಓಡು.

ಅಮ್ಮ ಒಲೆಯಿಂದ ಆಲೂಗಡ್ಡೆ ಇಳಿಸುತ್ತಿದ್ದಳು, ಅವನು ಟೋಪಿ ತೆಗೆದು ಹೊಸಿಲಲ್ಲೇ ನಿಂತ, ನಿಮ್ಗೆ ಆ ಗಾಡಿ ನೆನಪಿದ್ಯಾ, ಎಂದ, ಏನೂ ನೆನಪಿಲ್ಲಪ್ಪ, ಎಂದಳು ಅಮ್ಮ, ಹೆಸರು, ಊರು, ಅಣ್ಣ, ಏನೂ ಇಲ್ಲ. ಅವನು ತಲೆಯಾಡಿಸಿದ, ತಿರುಗಿ ಹೊರಟೇಬಿಡುತ್ತಾನೆ ಎಂದುಕೊಂಡೆ, ಹೊರಡಲಿಲ್ಲ, ಜ್ವರ ಅಂತ ನರ್ಸ್‌ಗೆ ಹೇಳಿದ್ದು ನಾನೇ, ಎಂದ, ಏಳು ವರ್ಷ ನಂಗೆ, ಜ್ವರ ಇತ್ತೋ ಇಲ್ವೋ ಗೊತ್ತಿಲ್ಲ, ಅವಳು ಅಳ್ತಾನೇ ಇದ್ಳು, ನಂಗೆ ನಿದ್ದೆ ಬೇಕಿತ್ತು. ಅಮ್ಮ ಪಾತ್ರೆ ಕೆಳಗಿಟ್ಟಳು. ಜ್ವರ ಇತ್ತು, ಎಂದಳು, ಮೈ ಸುಡ್ತಿತ್ತು, ಇಳಿಸದೇ ಇದ್ದಿದ್ರೆ ಆ ಗಾಡೀಲೇ ಸತ್ತುಹೋಗ್ತಿದ್ದೆ, ನೀನು ಹೇಳಿದ್ದು ಒಳ್ಳೇದೇ ಆಯ್ತು ಅಣ್ಣ.

ಏನೂ ನೆನಪಿಲ್ಲ ಎಂದವಳು, ಅದೇ ಉಸಿರಿನಲ್ಲಿ. ಅವನನ್ನು ಗಾಡಿ ಹತ್ತಿಸಿ ಬಂದು ಕೇಳಿದೆ, ನಿಜವೇನಮ್ಮ, ಜ್ವರ ಇತ್ತಾ, ನೀನೇನಾ ಅವಳು — ಆಲೂಗಡ್ಡೆ ಆರ್ತಿದೆ, ತಿನ್ನು, ಎಂದಳು, ನಿಜವೋ, ಅವನಿಗಾಗಿ ಹೇಳಿದ್ದೋ, ಅಥವಾ ಹೇಳುತ್ತ ಹೇಳುತ್ತ ನಿಜವೇ ನೆನಪಾಯಿತೋ, ಕೇಳಬೇಕು, ಇನ್ನೊಮ್ಮೆ ಕೇಳಬೇಕು ಎನ್ನುವಷ್ಟರಲ್ಲಿ ಮತ್ತೆ ಅದೇ ಕಾಣುತ್ತದೆ, ಅವನು ಹೊರಡುವ ಮುಂಚೆ ಅಮ್ಮ ನೋಯುವ ಕಾಲಿನ ಮೇಲೇ ಹಿಮ್ಮಡಿಯೆತ್ತಿ ನಿಂತು, ಜ್ವರ ನೋಡುವವಳ ಹಾಗೆ ಹಿಂಗೈಯನ್ನು ಅವನ ಹಣೆಗೆ ಒತ್ತಿದ್ದು, ಅವನು ಕಣ್ಣು ಮುಚ್ಚಿದ್ದು — ನರೆತ ಕೂದಲಿನ ಕೆಳಗೆ ಆ ಕೈ, ಎಷ್ಟು ಹೊತ್ತಾದರೂ ತೆಗೆಯದ ಆ ಕೈ —