ಟ್ಯಾನ್ ಮತ್ತು ಮೈನಸ್ ಟ್ಯಾನ್

ಸೊಸೆ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವಳು. ಮದುವೆಯಾದ ಮೇಲೆ ಆ ಕೆಲಸ ಬಿಡಿಸಿದವರು ಮಾವ. ನಿವೃತ್ತ ಗಣಿತ ಮೇಷ್ಟ್ರಾದ ಅವರು ಮನೆಯ ಮುಂದಿನ ಕೋಣೆಯಲ್ಲೇ ಟ್ಯೂಷನ್ ನಡೆಸುತ್ತಿದ್ದರು. "ಒಂದು ಮನೇಲಿ ಇಬ್ಬರು ಮೇಷ್ಟ್ರು ಯಾಕಮ್ಮ?" ಎಂದಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅವಳು ಚಹಾ ತಂದಿಟ್ಟಾಗಲೆಲ್ಲ, "ನಮ್ಮ ಸೊಸೇನೂ ಗಣಿತ ಓದಿದಾಳೆ ಕಣ್ರಪ್ಪಾ. ಸಕ್ಕರೆ ಅಳತೆ ಮಾತ್ರ ಇನ್ನೂ ಸಾಧಿಸಿಲ್ಲ," ಎಂದು ಮಕ್ಕಳನ್ನು ನಗಿಸುವರು. ಅವಳು ಹಲ್ಲು ಕಚ್ಚಿಕೊಂಡು ಒಳಗೆ ಹೋಗುವಳು.

ಒಂದು ಬೆಳಿಗ್ಗೆ ಕಸ ಗುಡಿಸುವಾಗ ಅವಳ ಕಣ್ಣು ಟ್ಯೂಷನ್ ಕೋಣೆಯ ಕರಿಹಲಗೆಯ ಮೇಲೆ ಬಿತ್ತು. ಸಾಧಿಸಬೇಕಾದದ್ದನ್ನೇ ಮೊದಲ ಸಾಲಿನಲ್ಲಿ ನಿಜವೆಂದು ಬರೆದು, ಎರಡೂ ಕಡೆ ವರ್ಗ ಮಾಡಿ, ಕೊನೆಗೆ ಎರಡೂ ಒಂದೇ ಎಂದು ತೋರಿಸಿ, 'ಸಾಧಿಸಿದೆ' ಎಂದು ಮಾವ ಗೆರೆ ಎಳೆದಿದ್ದರು. ಆ ರೀತಿಯೇ ತಪ್ಪೆಂದು ಅವರಿಗೆ ಗುಟ್ಟಾಗಿ ಹೇಳಬಹುದಿತ್ತು. ಹೇಳಲಿಲ್ಲ. ಮೈ ಹಗುರಾದಂತಾಗಿ, ಹಾಡು ಗುನುಗುತ್ತ ಹಲಗೆ ಒರೆಸಿದಳು.

ಪರೀಕ್ಷೆಗೆ ಮುಂಚೆ ಒಂದು ಭಾನುವಾರ ಮಾವ ಮಕ್ಕಳ ಹೆತ್ತವರನ್ನೂ ಕರೆಸಿ ಪಾಠ ಮಾಡಿ ತೋರಿಸಿದರು. ಕೋಣೆ ಕಿಕ್ಕಿರಿದಿತ್ತು. ಸೆಕ್, ಟ್ಯಾನ್‌ಗಳ ಒಂದು ನಿತ್ಯಸಮೀಕರಣವನ್ನು ಬರೆದು, ವರ್ಗ ಮಾಡಿ, ಗೆರೆ ಎಳೆದರು. ಸೊಸೆ ಚಹಾದ ತಟ್ಟೆ ಕೆಳಗಿಟ್ಟಳು.

"ಮಾವ, ಇದೇ ರೀತೀಲಿ ನಾನೂ ಒಂದು ಸಾಧಿಸ್ಲಾ?"

"ಬಾರಮ್ಮ, ಬಾ," ಎಂದು ಎಲ್ಲರತ್ತ ಕಣ್ಣು ಮಿಟುಕಿಸಿ ಸೀಮೆಸುಣ್ಣ ಕೊಟ್ಟರು.

ಟ್ಯಾನ್ ಥೀಟಾ ಮತ್ತು ಮೈನಸ್ ಟ್ಯಾನ್ ಥೀಟಾ ಸಮ ಎಂದು ಅವಳು ಬರೆದಳು. ಎರಡೂ ಕಡೆ ವರ್ಗ ಮಾಡಿದಳು. ಮೈನಸ್ ಮಾಯವಾಯಿತು.

"ಎರಡೂ ಒಂದೇ ಬಂತು, ಸಾಧಿಸಿದ ಹಾಗಾಯ್ತಲ್ವಾ? ಈಗ ಥೀಟಾ ನಲವತ್ತೈದು ಡಿಗ್ರಿ ಅಂತ ಇಟ್ಕೊಳ್ಳಿ. ಟ್ಯಾನ್ ಬೆಲೆ ಒಂದು. ಅಂದ್ರೆ ಒಂದೂ, ಮೈನಸ್ ಒಂದೂ ಸಮ!"

ಮೊದಲು ನಕ್ಕದ್ದು ಹಿಂದಿನ ಸಾಲಿನ ಹುಡುಗಿ. ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು.

"ಅದು... ವರ್ಗ ಮಾಡಿದ್ರೆ ಚಿಹ್ನೆ ಹೋಗತ್ತೆ..." ಮಾವ ತಡವರಿಸಿದರು.

"ನೀವೂ ಅದನ್ನೇ ಮಾಡಿದ್ರಿ ಮಾವ. ಎಡಗಡೆಯಿಂದ ಹೊರಟು ಬಲಗಡೆಗೆ ಬಂದು ಸೇರಬೇಕಿತ್ತು. ಚಹಾ ಆರ್‍ತಾ ಇದೆ, ಕುಡೀರಿ."

ಎಲ್ಲರೂ ಹೋದ ಮೇಲೆ ಗಂಡ ಹರಿಹಾಯ್ದ. "ಅಪ್ಪನ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕಿದ್ಯಲ್ಲೇ! ಒಳಗೆ ಕರೆದು ಹೇಳಬಾರದಿತ್ತಾ?"

"ನನ್ನನ್ನ ಆಡ್ಕೊಳ್ಳುವಾಗ ಅವರು ಒಳಗೆ ಕರೆದ್ರಾ?"



ಮರುದಿನ ಮಾವ ತಲೆನೋವೆಂದು ಪಕ್ಕದ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡರು. ಮಕ್ಕಳು ಬಂದು ಕಾದು ಕೂತರು. ಸೊಸೆ ಕೈ ಒರೆಸಿಕೊಂಡು ಹೋಗಿ ಅದೇ ಲೆಕ್ಕವನ್ನು ಎಡಗಡೆಯಿಂದ ಶುರು ಮಾಡಿದಳು.

"ಸೆಕ್ ಅಂದ್ರೆ ಒಂದು ಬೈ ಕಾಸ್. ಟ್ಯಾನ್ ಅಂದ್ರೆ ಸೈನ್ ಬೈ ಕಾಸ್."

ಮಕ್ಕಳು ಎದುರಿಗೇ ಇದ್ದರೂ ಗೋಡೆಯಾಚೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಒಳಗಿಂದ ಕೆಮ್ಮು ಕೇಳಿಸಿತು. ದನಿ ಏರಿಸಿ ಮುಂದಿನ ಸಾಲಿಗೆ ಹೋದಳು.